ಅಮ್ಮನ ಬಗ್ಗೆ ಒಂದೇ ಸಾಲು

ಈ ವಾರ ಬಂದ ಒಂದು ಪತ್ರ ಓದಿದ ಮೇಲೆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬರೆದವರು ಹಾಸನದ ಕಡೆಯ ಹೆಣ್ಣುಮಗಳು, ವಯಸ್ಸು 36. ಹೋದ ವರ್ಷ ಅವರ ಅಣ್ಣನಿಗೆ 41ನೇ ವಯಸ್ಸಿಗೇ ದೊಡ್ಡ ಕರುಳಿನ ಕ್ಯಾನ್ಸರ್ ಆಗಿ ಆಪರೇಷನ್ ಆಗಿದೆ. ಕುಡಿತದಿಂದಲೇ ಬಂತು ಅನ್ನೋದು ಮನೆಯವರ ತೀರ್ಮಾನ. ತಾನೂ ತಪಾಸಣೆ ಮಾಡಿಸಬೇಕಾ ಅಂತ ಈಕೆಗೆ ಅಳುಕು. ತಾಯಿ ಇಲ್ಲದ ಮಕ್ಕಳನ್ನು ಸಾಕಿದ ದೊಡ್ಡಮ್ಮ ಮಾತ್ರ, 'ನನ್ನ ಮಗಳಿಗೆ ಗಂಡು ನೋಡ್ತಿದ್ದೀವಿ, ಕ್ಯಾನ್ಸರ್ ಇರೋ ಮನೆ ಅಂತ ಸುದ್ದಿ ಆಗೋದು ಬೇಡ, ಸುಮ್ನಿರು' ಅಂದಿದ್ದಾರೆ. 'ನಾನು ಮುದ್ದೆ, ಸೊಪ್ಪಿನ ಸಾರು ಉಣ್ಣೋಳು, ದಿನಾ ವಾಕಿಂಗ್ ಹೋಗ್ತೀನಿ. ನನಗ್ಯಾಕೆ ಟೆಸ್ಟ್?' ಅನ್ನೋದು ಪ್ರಶ್ನೆ.

ತಂಗಿ, ಮೂರು ಪುಟದ ಪತ್ರದಲ್ಲಿ ಎರಡು ಪುಟ ಅಣ್ಣನ ಕುಡಿತವೇ ಇದೆ. ಅಮ್ಮನ ಬಗ್ಗೆ ಒಂದೇ ಸಾಲು: 'ನಾನು ಏಳನೇ ಕ್ಲಾಸಲ್ಲಿದ್ದಾಗ ಗರ್ಭಕೋಶದ ಕ್ಯಾನ್ಸರ್ ಆಗಿ ಹೋದರು.' ಸೋದರಮಾವನ ಬಗ್ಗೆ ಅರ್ಧ ಸಾಲು: '48ಕ್ಕೆ ಕರುಳಿನ ಕ್ಯಾನ್ಸರ್.' ನಾನು ಪೆನ್ಸಿಲ್ ತಗೊಂಡು ಗೆರೆ ಎಳೆದದ್ದು ಈ ಒಂದೂವರೆ ಸಾಲಿನ ಕೆಳಗೆ.

ಗರ್ಭಕೋಶ ಬೇರೆ, ಕರುಳು ಬೇರೆ ಅಂದುಕೊಂಡಿದ್ದೀರಿ ಅಲ್ವಾ? 1895ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸು, ನಮ್ಮ ಮನೆಯವರೆಲ್ಲ ಹೊಟ್ಟೆ, ಕರುಳು, ಗರ್ಭಕೋಶದ ಕ್ಯಾನ್ಸರಿನಲ್ಲೇ ಹೋಗುವುದು, ನಾನೂ ಹಾಗೇ ಹೋಗುತ್ತೇನೆ ಎಂದು ಆಲ್ಡ್ರೆಡ್ ವಾರ್ಥಿನ್ ಎಂಬ ವೈದ್ಯರ ಹತ್ತಿರ ಹೇಳಿಕೊಂಡಳು. ಕೊನೆಗೆ ಹಾಗೇ ಆಯಿತು. ವಾರ್ಥಿನ್ ಅವಳ ಮಾತನ್ನು ತಳ್ಳಿಹಾಕಲಿಲ್ಲ. ಇಡೀ ಕುಟುಂಬದ ಕಾಯಿಲೆಗಳನ್ನು ಬರೆದಿಟ್ಟು 1913ರಲ್ಲಿ ಪ್ರಕಟಿಸಿದರು. ಮುಂದೆ ಹೆನ್ರಿ ಲಿಂಚ್ ಎಂಬ ಇನ್ನೊಬ್ಬ ವೈದ್ಯರು ಅದೇ ಜಾಡು ಹಿಡಿದರು. ಹೀಗೆ ಮನೆತನದಲ್ಲೇ ಹರಿದು ಬರುವ ಈ ತೊಂದರೆಗೆ ಇವತ್ತು ಲಿಂಚ್ ಸಿಂಡ್ರೋಮ್ ಅಂತಲೇ ಹೆಸರು.

ನಮ್ಮ ಜೀವಕೋಶ ಒಂದು ಎರಡಾಗುವಾಗ ಒಳಗಿನ ಬರಹವನ್ನು ನಕಲು ಮಾಡಿಕೊಳ್ಳುತ್ತದೆ. ನಕಲಿನಲ್ಲಿ ತಪ್ಪಾದರೆ ತಿದ್ದುವ ಜೀನ್‌ಗಳಿವೆ. ಅಂಥದ್ದೊಂದು ಹುಟ್ಟಿನಿಂದಲೇ ಕೆಟ್ಟಿದ್ದರೆ ತಪ್ಪುಗಳು ಸೇರುತ್ತಾ ಹೋಗಿ, ಚಿಕ್ಕ ವಯಸ್ಸಿಗೇ ಕ್ಯಾನ್ಸರ್ ಬರಬಹುದು. ಲಿಂಚ್ ಅಂದರೆ ಇದೇ. ಆ ಕೆಟ್ಟ ಜೀನ್ ಅದಿರುವ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಕರುಳಿನ ಕ್ಯಾನ್ಸರ್ ಆದ ನೂರು ಜನರಲ್ಲಿ ಸುಮಾರು ಮೂವರಿಗೆ ಲಿಂಚ್ ಇರುತ್ತದೆ. ಆದರೆ ನಿಮ್ಮ ಮನೆಯಲ್ಲಿ ಕ್ಯಾನ್ಸರ್ ಆದವರೇ ಮೂವರು, ಎರಡು ತಲೆಮಾರು, ಐವತ್ತರೊಳಗಿನ ವಯಸ್ಸು. ಯಾವ ಡಾಕ್ಟರಿಗೂ ಮೊದಲು ಬರುವ ಅನುಮಾನ ಇದೇ. ನಿಮ್ಮ ಅಮ್ಮ ಯಾವತ್ತೂ ಕುಡಿದವರಲ್ಲವಲ್ಲ!

ಹಾಗಂತ ಕುಡಿತದಿಂದ ಏನೂ ಆಗಲ್ಲ ಅಂತಲ್ಲ. ಕುಡಿತ, ಸಿಗರೇಟು, ಬೊಜ್ಜು, ದಿನವಿಡೀ ಕೂತೇ ಇರೋದು, ಎಲ್ಲವೂ ಅಪಾಯ ಹೆಚ್ಚಿಸುತ್ತವೆ. ಸಾಸೇಜ್, ಸಲಾಮಿಯಂಥ ಸಂಸ್ಕರಿಸಿದ ಮಾಂಸ ದಿನಕ್ಕೆ 50 ಗ್ರಾಂ ತಿಂದರೆ ಅಪಾಯ ಶೇಕಡಾ 18ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲೇ ಹೇಳಿದೆ. ಲಿಂಚ್ ಇರುವವರಲ್ಲೂ ಬೊಜ್ಜಿದ್ದವರಿಗೆ ಕರುಳಿನ ಕ್ಯಾನ್ಸರ್ ಅಪಾಯ ಇಮ್ಮಡಿಗಿಂತ ಜಾಸ್ತಿ ಕಂಡಿದೆ. ಹಾಗಾಗಿ ನಿಮ್ಮ ಮುದ್ದೆ, ಸೊಪ್ಪು, ವಾಕಿಂಗ್ ಯಾವುದನ್ನೂ ಬಿಡಬೇಡಿ. ಆದರೆ ಕೆಟ್ಟ ಜೀನ್ ಇದ್ದರೆ ಅದನ್ನು ಸೊಪ್ಪು ಸರಿ ಮಾಡಲ್ಲ.

ಪತ್ರದಲ್ಲಿ ನನ್ನ ಕರುಳು ಹಿಂಡಿದ್ದು ನಿಮ್ಮ ಅತ್ತಿಗೆ. 'ನೀನು ಹಾಕಿದ್ದನ್ನೇ ಅವನು ತಿಂದಿದ್ದು' ಅಂತ ದೊಡ್ಡಮ್ಮ ನೆಂಟರ ಮುಂದೆ ಅಂದಾಗ ಅವರು ಸಿಂಕಿನ ಕಡೆ ತಿರುಗಿ, ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೀತಿದ್ದರು ಅಂತ ಬರೆದಿದ್ದೀರಿ. ನೀವೂ ಅಲ್ಲೇ ಇದ್ದಿರಿ, ಒಂದು ಮಾತು ಆಡಬೇಕಿತ್ತು. ದೊಡ್ಡಮ್ಮ ನಿಮ್ಮನ್ನು ಸಾಕಿದ ಋಣ ದೊಡ್ಡದು, ಒಪ್ಪಿದೆ. ಆದರೆ ತಪ್ಪು ಅವರದೇ. ಮನೆಯ ಕಾಯಿಲೆಯನ್ನು ಬಚ್ಚಿಡಬೇಡಿ ಅಂತ ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ. ಗಂಡು ಹೆಣ್ಣಿನ ಜಾತಕ ತರಿಸುವವರು ಅಜ್ಜ ಅಜ್ಜಿ ಯಾವ ಕಾಯಿಲೆಯಲ್ಲಿ ಹೋದರು ಅಂತ ಕೇಳಲ್ಲ. ದೊಡ್ಡಮ್ಮನೂ ನಿಮ್ಮ ಅಮ್ಮನ ಒಡಹುಟ್ಟಿದವರೇ. ಯಾವ ಮಗಳ ಮದುವೆಗೆ ಅಂತ ಇದನ್ನು ಮುಚ್ಚಿಡುತ್ತಿದ್ದಾರೋ, ಆ ಮಗಳಿಗೂ ಈ ವಿಷಯ ಗೊತ್ತಿರಲೇಬೇಕು.

ನೀವು ಮಾಡಬೇಕಾದ್ದು ಇಷ್ಟೇ. ಈ ಭಾನುವಾರ ಅಣ್ಣನ ಮನೆಗೆ ಹೋಗಿ ಬೀರುವಿನಿಂದ ಅವರ ಆಸ್ಪತ್ರೆ ಫೈಲ್ ತೆಗೆಸಿ, ಅಣ್ಣನನ್ನೂ ಕರೆದುಕೊಂಡು ಕ್ಯಾನ್ಸರ್ ಡಾಕ್ಟರ ಹತ್ತಿರ ಹೋಗಿ 'ಇದು ಲಿಂಚ್ ಇರಬಹುದಾ?' ಅಂತ ಕೇಳಿ. ಅಮ್ಮ, ಮಾವನ ವಿಷಯ ಮೊದಲು ಹೇಳಿ. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ಚೂರನ್ನು ಲ್ಯಾಬಿನವರು ಮೇಣದ ಬ್ಲಾಕಿನಲ್ಲಿ ಇಟ್ಟಿರುತ್ತಾರೆ. ಅದರಲ್ಲೇ ಸುಳಿವು ಸಿಗುತ್ತದೆ. ಆಮೇಲೆ ಅಣ್ಣನ ರಕ್ತಪರೀಕ್ಷೆ, ಅದರಲ್ಲಿ ಜೀನ್ ಸಿಕ್ಕರೆ ನಿಮ್ಮದು. ನಿಮ್ಮ ಕೊಲನೋಸ್ಕೋಪಿಗೆ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಮಾತ್ರ ಅಷ್ಟು ದಿನ ಕಾಯಬೇಡಿ. ಅಣ್ಣನಿಗೆ 41ಕ್ಕೆ ಕ್ಯಾನ್ಸರ್ ಬಂದಿದ್ದರೆ ನಿಮ್ಮ ತಪಾಸಣೆ ಅದಕ್ಕಿಂತ ಹತ್ತು ವರ್ಷ ಮೊದಲೇ, 31ಕ್ಕೇ ಶುರುವಾಗಬೇಕಿತ್ತು. ಕ್ಯಾನ್ಸರ್ ಆಗುವ ಮೊದಲು ಬರುವ ಸಣ್ಣ ಗಂಟುಗಳನ್ನು ಬಹುಮಟ್ಟಿಗೆ ಆ ಪರೀಕ್ಷೆ ಮಾಡುವಾಗಲೇ ತೆಗೆದುಬಿಡುತ್ತಾರೆ.

ಅತ್ತಿಗೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ಇದು ಅವರ ಅಡುಗೆಯಿಂದ ಬಂದದ್ದಲ್ಲ ಅನ್ನೋ ಮಾತನ್ನು ಡಾಕ್ಟರ ಬಾಯಿಂದಲೇ ಅವರು ಕೇಳಲಿ.