ಐದು ಡಾಲರ್‌ಗೆ ಸಾವಿರ ಗೇಮ್: ದುಡ್ಡು ಹೋಗೋದು ಯಾರಿಗೆ?

ಪ್ರಶ್ನೆ: ಐದು ಡಾಲರ್ ಕೊಟ್ಟರೆ ರಾಶಿ ಗೇಮ್, ಜೊತೆಗೆ ಆ ದುಡ್ಡು ಚಾರಿಟಿಗೆ ಅಂತ ಬಂಡಲ್‌ಗಳು ಬರುತ್ತವಲ್ಲ, ಇದು ನಿಜಾನಾ? ಇಷ್ಟು ಕಡಿಮೆಗೆ ಹೇಗೆ ಕೊಡುತ್ತಾರೆ? ನನ್ನ ಗೆಳೆಯ ಇದೆಲ್ಲ ಬರೀ ನಾಟಕ ಅಂತಾನೆ.

ಉತ್ತರ: ನಾಟಕ ಅಲ್ಲ. ಆದರೆ ಎಲ್ಲ ಬಂಡಲ್‌ಗಳೂ ಒಂದೇ ತರ ಇರುವುದಿಲ್ಲ. ನಿಮ್ಮ ಗೆಳೆಯನ ಅನುಮಾನಕ್ಕೆ ಜಾಗ ಇರುವುದು ಅಲ್ಲೇ.

ನೀವು ಹೇಳುವ ಐದು ಡಾಲರ್ ಲೆಕ್ಕಕ್ಕೆ ದೊಡ್ಡ ಉದಾಹರಣೆ 2020ರ ಜೂನ್‌ನಲ್ಲಿ ಚಿಕ್ಕ ಚಿಕ್ಕ ತಂಡಗಳು ಗೇಮ್ ಮಾರುವ ಇಚ್ ಡಾಟ್ ಐಓ ತಾಣದಲ್ಲಿ ಬಂತು. ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ವರ್ಣೀಯ ಪೊಲೀಸರ ಕೈಯಲ್ಲಿ ಸತ್ತ ಮೇಲೆ ಜನಾಂಗೀಯ ನ್ಯಾಯಕ್ಕೆ ಅಂತ ಕಟ್ಟಿದ ಬಂಡಲ್ ಅದು. ಕನಿಷ್ಠ ಬೆಲೆ 5 ಡಾಲರ್. ಶುರುವಾದಾಗ ಏಳುನೂರು ಚಿಲ್ಲರೆ ಐಟಂ ಇತ್ತು. ನಂದೂ ಇರಲಿ, ನಂದೂ ಇರಲಿ ಅಂತ ಗೇಮ್ ಮಾಡುವವರು ದಿನಾ ಸೇರಿಸುತ್ತಾ ಹೋಗಿ, ಮುಗಿಯುವ ಹೊತ್ತಿಗೆ 1,700 ದಾಟಿತ್ತು. 8 ಲಕ್ಷಕ್ಕೂ ಜಾಸ್ತಿ ಜನ ಕೊಂಡರು, ಸುಮಾರು 81 ಲಕ್ಷ ಡಾಲರ್ ಸೇರಿತು. ಗೇಮ್ ಮಾಡಿದವರು ಪಾಲು ಕೇಳಲಿಲ್ಲ. ದುಡ್ಡೆಲ್ಲ ಎರಡು ಕಡೆ ಹೋಯಿತು: ಕಾನೂನು ಹೋರಾಟ ನಡೆಸುವ ಒಂದು ನಿಧಿ, ಜಾಮೀನಿಗೆ ದುಡ್ಡಿಲ್ಲದವರಿಗೆ ನೆರವಾಗುವ ಇನ್ನೊಂದು ನಿಧಿ.

ಕಡಿಮೆಗೆ ಕೊಡೋಕೆ ಆಗುವುದು ಯಾಕೆಂದರೆ, ಗೇಮ್ ಒಂದು ಸಲ ತಯಾರಾದ ಮೇಲೆ ಇನ್ನೊಂದು ಕಾಪಿ ಕೊಡಲು ಖರ್ಚೇ ಇಲ್ಲ ಅನ್ನಬಹುದು. ಡಬ್ಬಿ ಬೇಡ, ಡಿಸ್ಕ್ ಬೇಡ, ಲಾರಿ ಬೇಡ. ಬಂಡಲ್‌ಗೆ ಬರುವ ಗೇಮ್‌ಗಳು ಬಹುಪಾಲು ಒಂದೆರಡು ವರ್ಷ ಪೂರ್ತಿ ಬೆಲೆಗೆ ಮಾರಾಟವಾಗಿ ತಣ್ಣಗಾದವು. ಹೇಗೂ ಕೊಳ್ಳದೇ ಇದ್ದ ಜನ ಈಗ ಕೊಳ್ಳುತ್ತಾರೆ, ಹೆಸರು ಇನ್ನಷ್ಟು ಕಡೆ ಹೋಗುತ್ತದೆ.

ಇನ್ನೊಂದು ತರದ್ದು ಹಂಬಲ್ ಬಂಡಲ್. 2010ರ ಮೇನಲ್ಲಿ ವುಲ್ಫೈರ್ ಅನ್ನುವ ಚಿಕ್ಕ ಗೇಮ್ ಕಂಪನಿ, ವರ್ಲ್ಡ್ ಆಫ್ ಗೂ ತರದ ಕೆಲವು ಗೇಮ್‌ಗಳನ್ನು ಕಟ್ಟಿ, ನಿಮಗೆ ತೋಚಿದಷ್ಟು ಕೊಡಿ ಅಂದಿತು. ಕೊಟ್ಟ ದುಡ್ಡಲ್ಲಿ ಗೇಮ್ ಮಾಡಿದವರಿಗೆ ಎಷ್ಟು, ಚಾರಿಟಿಗೆ ಎಷ್ಟು ಅನ್ನುವುದನ್ನೂ ಕೊಳ್ಳುವವರೇ ಸ್ಲೈಡರ್ ಎಳೆದು ಹೇಳಬಹುದಿತ್ತು. ಆ ಮೊದಲ ಬಂಡಲ್ಲಿಗೇ 12 ಲಕ್ಷ ಡಾಲರ್‌ಗೂ ಜಾಸ್ತಿ ಬಂತು. ಬಿಟ್ಟಿ ಸಾಫ್ಟ್‌ವೇರ್ ಬಳಸುವವರು ಅಂತ ಎಲ್ಲರೂ ಆಡಿಕೊಳ್ಳುವ ಲಿನಕ್ಸ್ (ವಿಂಡೋಸ್ ಬದಲು ಹಾಕಿಕೊಳ್ಳುವ ಉಚಿತ ಸಿಸ್ಟಂ) ಮಂದಿ, ಸರಾಸರಿ ನೋಡಿದರೆ, ವಿಂಡೋಸ್‌ನವರಿಗಿಂತ ಜಾಸ್ತಿ ಕೊಟ್ಟರು! ಒಂದೇ ಒಂದು ಸೆಂಟ್ ಕೊಟ್ಟು ಹೋದವರೂ ಇದ್ದರು ಬಿಡಿ. ಅದರ ದುರುಪಯೋಗ ಜಾಸ್ತಿಯಾಗಿ 2011ರಲ್ಲಿ ಸ್ಟೀಮ್ ಕೀ, ಅಂದರೆ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಹಾಕಿ ಗೇಮ್ ಪಡೆಯುವ ಕೋಡ್, ಬೇಕಾದರೆ ಕನಿಷ್ಠ 1 ಡಾಲರ್ ಅಂತ ಮಾಡಿದರು.

2017ರಲ್ಲಿ ಈ ಹಂಬಲ್ ಬಂಡಲ್ ಒಂದು ದೊಡ್ಡ ಮಾಧ್ಯಮ ಕಂಪನಿಯ ಕೈಗೆ ಹೋಯಿತು. 2021ರಲ್ಲಿ ಸ್ಲೈಡರ್ ಪೂರ್ತಿ ತೆಗೆಯಲು ಹೊರಟಾಗ ಕೊಳ್ಳುವವರು ಗಲಾಟೆ ಎಬ್ಬಿಸಿದರು. ಸ್ಲೈಡರ್ ಉಳಿಯಿತು, ಆದರೆ ತಾಣಕ್ಕೆ ಇಷ್ಟು ಪಾಲು ಹೋಗಲೇಬೇಕು ಅನ್ನುವ ಮಿತಿಯೂ ಬಂತು. ಹಾಗಾಗಿ ಪೂರ್ತಿ ದುಡ್ಡು ಚಾರಿಟಿಗೆ ಅಂತ ಬರೆದಿರುವ ವಿಶೇಷ ಬಂಡಲ್ ಬೇರೆ, ಮಾಮೂಲಿ ಬಂಡಲ್ ಬೇರೆ. ಮಾಮೂಲಿಯಲ್ಲಿ ನೀವು ಏನೂ ಮುಟ್ಟದೆ ದುಡ್ಡು ಕಟ್ಟಿದರೆ ಚಾರಿಟಿಗೆ ಹೋಗುವುದು ಚಿಕ್ಕ ಪಾಲು. ದುಡ್ಡು ಕಟ್ಟುವ ಬಟನ್ ಎಲ್ಲರ ಕಣ್ಣಿಗೂ ಬೀಳುತ್ತದೆ, ಹತ್ತಿರದಲ್ಲೇ ಹಂಚಿಕೆ ಬದಲಿಸಿ ಅಂತ ಒಂದು ಸಣ್ಣ ಸಾಲಿರುತ್ತದೆ, ಅದನ್ನು ಯಾರೂ ಒತ್ತುವುದಿಲ್ಲ. ಒತ್ತಿ. ಒತ್ತಿ ನೋಡಿದಾಗ ಮಾತ್ರ ಯಾರಿಗೆ ಎಷ್ಟು ಅಂತ ಗೊತ್ತಾಗುವುದು.

ಪ್ರಶ್ನೆ: ಈ ಗೇಮ್ ತಗೊಂಡರೆ ಆಸ್ಪತ್ರೆಯ ಮಕ್ಕಳಿಗೆ ದುಡ್ಡು ಹೋಗುತ್ತದೆ ಅಂತ ಮಗ ವಾರದಿಂದ ಪೀಡಿಸುತ್ತಿದ್ದಾನೆ. ನಂಬಬಹುದಾ?

ಉತ್ತರ: ಇರಬಹುದು. ಚೈಲ್ಡ್ಸ್ ಪ್ಲೇ ಅನ್ನುವ ಸಂಸ್ಥೆ 2003ರಿಂದ ಆಸ್ಪತ್ರೆಯಲ್ಲಿರುವ ಮಕ್ಕಳಿಗೆ ಆಟಿಕೆ, ಗೇಮ್ ತಲುಪಿಸುತ್ತಿದೆ, ಆ ಮೊದಲ ಹಂಬಲ್ ಬಂಡಲ್ ದುಡ್ಡಲ್ಲೂ ಅದಕ್ಕೆ ಪಾಲಿತ್ತು. ಮಗನಿಗೆ ಒಂದೇ ಮಾತು ಹೇಳಿ: ಆ ಮಾರಾಟದ ಪುಟದಲ್ಲಿ ಸಂಸ್ಥೆಯ ಹೆಸರು, ಎಷ್ಟು ಪಾಲು, ಯಾವ ತಾರೀಕಿನವರೆಗೆ, ಈ ಮೂರನ್ನೂ ತೋರಿಸು. ತೋರಿಸಿದರೆ ಕೊಡಿಸಿ. ಬರೀ "ಒಂದು ಭಾಗ ಒಳ್ಳೆಯ ಕೆಲಸಕ್ಕೆ" ಅಂತಿದ್ದರೆ, ಗೇಮ್ ಇಷ್ಟವಾಗಿದ್ದರೆ ಮಾತ್ರ ಕೊಡಿಸಿ.

ಪ್ರಶ್ನೆ: ಗೇಮ್ ನೆಪ ಯಾಕೆ, ನೇರವಾಗಿ ಸಂಸ್ಥೆಗೇ ಕೊಡಬಹುದಲ್ವಾ?

ಉತ್ತರ: ಕೊಡಬಹುದು, ಮನಸ್ಸಲ್ಲಿರುವುದು ದಾನವೇ ಆದರೆ ಹಾಗೇ ಕೊಡಿ. ಪೂರ್ತಿ ದುಡ್ಡು ಅವರಿಗೇ ಹೋಗುತ್ತದೆ, ರಸೀದಿಯೂ ನಿಮ್ಮ ಹೆಸರಲ್ಲಿ ಬರುತ್ತದೆ. ಬಂಡಲ್ ಅಂದರೆ ಮೊದಲು ಖರೀದಿ, ಆಮೇಲೆ ದಾನ. ಆದರೂ ನಾನು ಅದನ್ನು ಹಗುರ ಮಾಡಲ್ಲ. ದಾನದ ಪುಟವನ್ನೇ ತೆರೆಯದ ಜನ ಇಲ್ಲಿ ಕೊಡುತ್ತಾರೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ, ಯುದ್ಧದಲ್ಲಿ ಸಿಕ್ಕಿಬಿದ್ದ ಸಾಮಾನ್ಯ ಜನರ ಪಾಡನ್ನೇ ಗೇಮ್ ಮಾಡಿದ್ದ ಪೋಲೆಂಡಿನ 11 ಬಿಟ್ ಸ್ಟುಡಿಯೋಸ್, ಆ ಗೇಮ್‌ನ ಒಂದು ವಾರದ ಲಾಭವನ್ನು ಉಕ್ರೇನಿನ ರೆಡ್‌ಕ್ರಾಸ್‌ಗೆ ಕೊಟ್ಟಿತು. ಫೋರ್ಟ್‌ನೈಟ್ ಅನ್ನುವ ಆನ್‌ಲೈನ್ ಗೇಮ್ ಎರಡು ವಾರದ ಆದಾಯದಿಂದ ಉಕ್ರೇನ್ ನೆರವಿಗೆ 14.4 ಕೋಟಿ ಡಾಲರ್ ಸೇರಿಸಿತು. ಅದರಲ್ಲಿ ತಮ್ಮ ಪಾತ್ರಕ್ಕೆ ಹೊಸ ಬಟ್ಟೆ ಹಾಕಿಸಲು ದುಡ್ಡು ಕಟ್ಟಿದ ಹುಡುಗರೆಷ್ಟೋ!

ಪ್ರಶ್ನೆ: ಡಿಜಿಟಲ್ ಆಗಿ ಕೊಂಡ ಗೇಮ್ ನನ್ನದೇ ತಾನೇ?

ಉತ್ತರ: ಅಲ್ಲ, ಬಹುತೇಕ. ನೀವು ಕೊಳ್ಳುವುದು ಆಡುವ ಲೈಸೆನ್ಸ್ ಮಾತ್ರ. ಇದನ್ನು ಕೊಳ್ಳುವ ಮೊದಲೇ ಹೇಳಬೇಕು ಅಂತ ಕ್ಯಾಲಿಫೋರ್ನಿಯಾ ಒಂದು ಕಾನೂನು ಮಾಡಿತು, 2025ರ ಜನವರಿಯಿಂದ ಜಾರಿ. ಅದಕ್ಕೂ ಮುಂಚೆಯೇ ಸ್ಟೀಮ್ ತನ್ನ ಕಾರ್ಟ್ ಪುಟದಲ್ಲಿ ಆ ಸಾಲು ಹಾಕಿತು. ಯೂಬಿಸಾಫ್ಟ್‌ನ ದ ಕ್ರೂ ಅನ್ನುವ ಕಾರ್ ಗೇಮ್ ನೋಡಿ. 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿದರು, ದುಡ್ಡು ಕೊಟ್ಟು ಕೊಂಡವರೂ ಒಬ್ಬರೇ ಕೂತು ಆಡೋಕೆ ಆಗದ ಹಾಗಾಯಿತು. ಬೇಸರ ಬೇಡ ಅಂದರೆ ಡಿಆರ್‌ಎಂ, ಅಂದರೆ ಕಾಪಿ ಮಾಡದ ಹಾಗೆ ಹಾಕುವ ಡಿಜಿಟಲ್ ಬೀಗ, ಇಲ್ಲದ ಗೇಮ್ ಹುಡುಕಿ. ಜಿಓಜಿ ತಾಣದಲ್ಲಿ ಇನ್‌ಸ್ಟಾಲರ್ ಫೈಲನ್ನೇ ಇಳಿಸಿಕೊಳ್ಳಬಹುದು, ಇಚ್‌ನಲ್ಲೂ ಸಾಮಾನ್ಯವಾಗಿ ಹಾಗೇ. ಇಳಿಸಿ ಒಂದು ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟುಬಿಡಿ.

ಪ್ರಶ್ನೆ: ಕೀ ಮಾರುವ ಸೈಟ್‌ಗಳಲ್ಲಿ ಅರ್ಧ ಬೆಲೆಗೆ ಸಿಗುತ್ತದೆ. ತಗೊಳ್ಳಲಾ?

ಉತ್ತರ: ನಾನೂ ಒಂದು ಸಲ ತಗೊಂಡಿದ್ದೆ. ಮೂರು ವಾರ ಆಡಿದೆ, ಕೊನೇ ಬಾಸ್, ಅಂದರೆ ಗೇಮ್‌ನ ಕೊನೆಯ ದೊಡ್ಡ ಶತ್ರು, ಹತ್ತಿರ ಬಂದಿದ್ದೆ, ಒಂದು ಸಂಜೆ ನೋಡಿದರೆ ಲೈಬ್ರರಿಯಲ್ಲಿ ಗೇಮೇ ಇಲ್ಲ. ಕೀ ರದ್ದಾಗಿದೆ ಅಂತ ಒಂದು ಸಾಲು, ಅಷ್ಟೇ. ಮಾರಿದವನು ನಾಪತ್ತೆ.

ನಡೆಯುವುದು ಹೀಗೆ. ಯಾರೋ ಕದ್ದ ಕಾರ್ಡಿನಿಂದ ಕೀ ಕೊಂಡು ಈ ಸೈಟ್‌ಗಳಲ್ಲಿ ಮಾರುತ್ತಾನೆ. ಕಾರ್ಡಿನ ನಿಜವಾದ ಮಾಲೀಕ ಬ್ಯಾಂಕಿಗೆ ದೂರು ಕೊಟ್ಟಾಗ ದುಡ್ಡು ವಾಪಸ್ ಹೋಗುತ್ತದೆ, ಗೇಮ್ ಮಾಡಿದವರಿಗೆ ಅದರ ಮೇಲೆ ದಂಡ ಶುಲ್ಕ ಬೇರೆ. ಎಲ್ಲ ಕೀಗಳೂ ಕಳ್ಳಮಾಲು ಅಂತಲ್ಲ. ಚಾರಿಟಿ ಬಂಡಲ್‌ನ ಕೀಗಳನ್ನೇ ಬಿಡಿಸಿ ಬಿಡಿಬಿಡಿಯಾಗಿ ಮಾರುವವರೂ ಇದ್ದಾರೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅಂದ ಹಾಗೆ, ಬಿಟ್ಟುಕೊಟ್ಟವರು ಗೇಮ್ ಮಾಡಿದವರು, ಜೇಬು ತುಂಬಿದ್ದು ಇವರದ್ದು. ಅಗ್ಗಕ್ಕೇ ಬೇಕಾದರೆ ಸೇಲ್ ಬರುವವರೆಗೆ ಕಾಯಿರಿ, ಬಂದೇ ಬರುತ್ತದೆ.

ಪ್ರಶ್ನೆ: ಕೊಂಡ ಮೇಲೆ ಇಷ್ಟ ಆಗದಿದ್ದರೆ?

ಉತ್ತರ: ಸ್ಟೀಮ್‌ನಲ್ಲಿ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ವಾಪಸ್ ಕೇಳಬಹುದು. ಗೇಮ್ ತೆರೆದಿಟ್ಟು ಊಟಕ್ಕೆ ಹೋದರೆ ಆ ಹೊತ್ತೂ ಲೆಕ್ಕಕ್ಕೆ ಬರುತ್ತದೆ, ಹುಷಾರು. ಬೇರೆ ಕಡೆ ಕೊಂಡ ಕೀ ಹಾಕಿದ್ದರೆ ಸ್ಟೀಮ್ ದುಡ್ಡು ಕೊಡಲ್ಲ.

ಪ್ರಶ್ನೆ: ಆ 2020ರ ಬಂಡಲ್ ನಾನೂ ಕೊಂಡಿದ್ದೆ. ಇವತ್ತಿಗೂ ಒಂದೂ ಆಡಿಲ್ಲ, ಲೈಬ್ರರಿಯಲ್ಲಿ ಕಾಣುತ್ತಲೂ ಇಲ್ಲ. ಹೋಯ್ತಾ?

ಉತ್ತರ: ಹೋಗಿಲ್ಲ. ಇಚ್‌ನಲ್ಲಿ ಬಂಡಲ್ ಗೇಮ್‌ಗಳು ತಾವಾಗಿ ಲೈಬ್ರರಿಗೆ ಬರುವುದಿಲ್ಲ. ಬಂಡಲ್ ಪುಟಕ್ಕೆ ಹೋಗಿ ಒಂದೊಂದಕ್ಕೂ ಡೌನ್‌ಲೋಡ್ ಒತ್ತಬೇಕು. ಕೊಂಡಾಗ ಬಂದ ಇಮೇಲ್‌ನಲ್ಲಿ ಆ ಪುಟದ ಲಿಂಕ್ ಇರುತ್ತದೆ. ಎಲ್ಲವನ್ನೂ ಒತ್ತುತ್ತೇನೆ ಅಂತ ಒಂದು ಭಾನುವಾರ ನಾನು ಕೂತಿದ್ದೆ, ಹತ್ತನೇ ಪುಟಕ್ಕೆ ಬೆರಳು ಸೋತು ಎದ್ದೆ. ಹುಡುಕುವ ಜಾಗದಲ್ಲಿ ಎ ಶಾರ್ಟ್ ಹೈಕ್ ಅಂತ ಬರೆಯಿರಿ. ಒಂದು ಪುಟ್ಟ ಹಕ್ಕಿ ಬೆಟ್ಟದ ತುದಿಗೆ ಹತ್ತುತ್ತದೆ, ಅಷ್ಟೇ ಕತೆ, ಒಂದು ಸಂಜೆಗೆ ಮುಗಿಯುತ್ತದೆ. ಇವತ್ತೇ ಆಡಿ.