ಡಬಲ್ ಬಾಂಡ್ ಇಲ್ದ ಗ್ಯಾಸಿಂದ ಪಾಲಿಮರ್ ಫಿಲ್ಮ್ ಹೆಂಗ ಆಗ್ತೈತಿ?

ಪ್ರಶ್ನೆ: ಸರ್, ನಾ ಗದಗದಾಗ ಬಿಎಸ್ಸಿ ಓದಾಕತ್ತೀನ್ರಿ, ಮನಿ ಬೆಟಗೇರಿ, ಅಪ್ಪಾರು ಮಗ್ಗ ನೇಯ್ತಾರ. ಎಥಿಲೀನ್, ಸ್ಟೈರೀನ್ ಪಾಲಿಮರ್ ಆಗೋದು ಡಬಲ್ ಬಾಂಡ್ ಇದ್ದದ್ದಕ್ಕ ಅಂತ ಓದೀವಿ. ಪ್ಲಾಸ್ಮಾದಾಗ ಬರೇ ಮೀಥೇನ್ ಬಿಟ್ರೂ ಫಿಲ್ಮ್ ಕೂಡ್ತೈತಂತ, ಹೆಂಗ್ರಿ? ಮತ್ತ ಪ್ಲಾಸ್ಮಾ ಅಂದ್ರ ಸಾವಿರಾರು ಡಿಗ್ರಿ, ಒಳಗಿಟ್ಟ ಪ್ಲಾಸ್ಟಿಕ್ ಕರಗಂಗಿಲ್ಲೇನ್ರಿ?

ಉತ್ತರ: ಮೊದ್ಲ ಬಿಸಿದು ಮುಗಸೋಣ ತಂಗಿ. ಪ್ಲಾಸ್ಮಾ ಅಂದ್ರ ಕರೆಂಟಿನ ಹೊಡತಕ್ಕ ಒಂದಿಷ್ಟು ಎಲೆಕ್ಟ್ರಾನ್ ಬಿಡಿಯಾದ ಗ್ಯಾಸು. ಹಳೇ ಟ್ಯೂಬ್‌ಲೈಟ್ ಒಳಗಿರೋದೂ ಪ್ಲಾಸ್ಮಾನ, ಆದ್ರ ಗಾಜು ಬೆಚ್ಚಗಷ್ಟ ಇರ್ತೈತಿ. ಅಲ್ಲೆ ಬಿಸಿ ಇರೋದು ಎಲೆಕ್ಟ್ರಾನಷ್ಟ, ಅದರ ಶಕ್ತಿ 1 ಎಲೆಕ್ಟ್ರಾನ್ ವೋಲ್ಟ್ ಅಂದ್ರ ಸುಮಾರು 11,600 ಕೆಲ್ವಿನ್ ಬಿಸಿ ಲೆಕ್ಕ, ಆದ್ರ ಅದು ಎಷ್ಟು ಹಗುರ ಅಂದ್ರ ಅಣುಗೆ ಬಡದ್ರ ಗೋಲಿ ಬಂದು ಚಕ್ಕಡಿಗೆ ಬಡದಂಗ, ಚಕ್ಕಡಿ ಅಲುಗಂಗಿಲ್ಲ. ಹಂಗಾಗಿ ಗ್ಯಾಸ್ ಹೆಚ್ಚುಕಡಿಮಿ ರೂಮಿನ ಬಿಸಿಗೇ ಇರ್ತೈತಿ, ಪವರ್ ವಿಪರೀತ ಏರಿಸಿದ್ರ ಮಾತ್ರ ಬ್ಯಾರೆ.

ಈಗ ನಿನ್ನ ಅಸಲಿ ಪ್ರಶ್ನೆ. ನೀ ಮಗ್ಗದ ಮನಿ ಹುಡುಗಿ, ಸಾದಾ ಪಾಲಿಮರ್ ಅಂದ್ರ ನೇಯ್ಗಿ ಅಂತ ತಿಳಿ, ಎಳಿ ಲೆಕ್ಕದ ಪ್ರಕಾರ ಒಂದರ ಹಿಂದ ಒಂದು ಬರ್ತಾವು. ಪ್ಲಾಸ್ಮಾ ಪಾಲಿಮರ್ ಅಂದ್ರ ಕೌದಿ. ಹಳೇ ಸೀರಿ ಹರದು, ಸಿಕ್ಕ ತುಂಡು ಸಿಕ್ಕಲ್ಲೆ ಹಚ್ಚಿ ಹೊಲಿಯೋದು. ಚೇಂಬರಿನ ಗಾಳಿ ಎಳದು, ಮೀಥೇನ್ ಬಿಟ್ಟು, ಸುಮಾರು 0.1 ಟಾರ್ ಒತ್ತಡ ಇಟಗೊಂಡು 13.56 ಮೆಗಾಹರ್ಟ್ಸ್ ಪವರ್ ಕೊಟ್ರ ಜೋರಿನ ಎಲೆಕ್ಟ್ರಾನು ಕಾರ್ಬನ್-ಹೈಡ್ರೋಜನ್ ಬಾಂಡ್ ಹರಿತಾವು, ಜೋಡಿ ಕಳಕೊಂಡ ರ್ಯಾಡಿಕಲ್ ಹುಟ್ತಾವು, ಒಳಗಿಟ್ಟ ಗಾಜಿನ ಮ್ಯಾಲೆ ಹೋಗಿ ಸಿಕ್ಕವರ ಕೈ ಹಿಡಿತಾವು, ಕೂಡಿದ್ದನ್ನ ಪ್ಲಾಸ್ಮಾ ಮತ್ತ ಹರಿತೈತಿ, ಮತ್ತ ಕೂಡ್ತಾವು. ಹರಿಯಾಕ ಡಬಲ್ ಬಾಂಡ್ ಯಾಕ ಬೇಕು? ಡಬಲ್ ಬಾಂಡ್ ಇತ್ತಂದ್ರ ಫಿಲ್ಮ್ ಲಗೂನ ಬೆಳಿತೈತಿ, ಅಷ್ಟ.

ಅದಕ್ಕ ಸ್ಟೈರೀನ್ ಹಾಕಿ ಮಾಡಿದ ಫಿಲ್ಮಿಗೆ ರೆಕಾರ್ಡಿನ್ಯಾಗ ಪಾಲಿಸ್ಟೈರೀನ್ ಅಂತ ಬರಿಬ್ಯಾಡವಾ, ಇದು ಭಾಳ ಮಂದಿ ಮಾಡೋ ತಪ್ಪು. ಪಾಲಿಸ್ಟೈರೀನ್ ಟೊಲ್ವೀನಿನ್ಯಾಗ ಕರಗ್ತೈತಿ, ಪ್ಲಾಸ್ಮಾದ್ದು ಎಲ್ಲಾ ಕಡೆ ಹೊಲಿಗಿ ಬಿದ್ದಿರ್ತೈತಲ್ಲ, ಸಾಮಾನ್ಯವಾಗಿ ಕರಗಂಗಿಲ್ಲ. ಎಷ್ಟು ಸಣ್ಣಗ ಹರಿಬೇಕು ಅನ್ನೋದು ನಮ್ಮ ಕೈಯಾಗೈತಿ. ಬಿಟ್ಟ ಗ್ಯಾಸಿನ ಪಾಲಿಗೆ ಎಷ್ಟು ಎನರ್ಜಿ ಬರ್ತೈತಿ ಅಂತ ಯಸುದಾ ಅನ್ನೋ ವಿಜ್ಞಾನಿ ಲೆಕ್ಕ ಹಾಕಿಕೊಟ್ಟಾರ. ಪವರ್ ಕಡಿಮಿ, ಗ್ಯಾಸ್ ಹೆಚ್ಚು ಬಿಟ್ರ ಮಾನೋಮರಿನ, ಅಂದ್ರ ಮೊದ್ಲ ಬಿಟ್ಟ ಅಣುವಿನ, ಗುರ್ತು ಉಳಿತೈತಿ, ಉಲ್ಟಾ ಮಾಡಿದ್ರ ಪೂರಾ ಚಿಂದಿ.

ಇನ್ನೊಂದು, ಹೊರಗ ತಗದ ಮ್ಯಾಲೂ ಫಿಲ್ಮಿನೊಳಗ ಜೋಡಿ ಸಿಗದ ರ್ಯಾಡಿಕಲ್ ಸಿಕ್ಕೊಂಡು ಕುಂತಿರ್ತಾವು, ಗಾಳ್ಯಾಗಿನ ಆಕ್ಸಿಜನ್ ಜೋಡಿ ದಿನಗಟ್ಲೆ ರಿಯಾಕ್ಟ್ ಆಗ್ತಾವು. ಹಂಗಾಗಿ ನೀರಿನ ಹನಿ ಇಟ್ಟು ಕಾಂಟ್ಯಾಕ್ಟ್ ಆಂಗಲ್ (ಹನಿಯ ಅಂಚು ಫಿಲ್ಮಿಗೆ ಕೂಡೋ ಕೋನ) ಅಳಿಯೋದಿದ್ರ ಅವತ್ತ ಒಮ್ಮೆ, ವಾರ ಬಿಟ್ಟು ಒಮ್ಮೆ ಅಳಿ. ಮೀಥೇನ್ ಫಿಲ್ಮಿನ ಮ್ಯಾಲೆ ಎರಡನೇ ಸಲ ಹನಿ ಒಂಚೂರು ಚಪ್ಪಟಿಯಾಗಿ ಕುಂತಿದ್ರ ಮಷೀನ್ ಕೆಟ್ಟಿಲ್ಲ, ಫಿಲ್ಮ್ ಗಾಳಿ ಕುಡದೈತಿ.