ಪದ್ಯ ಬರುತ್ತದೆ, ಮಾತು ಬರುವುದಿಲ್ಲ

ಕುಂಬಳೆ ಸೀಮೆಯ ಅಡಿಕೆ ಕೃಷಿಕರೊಬ್ಬರ ಪತ್ನಿ ಮಗನೊಂದಿಗೆ ನನ್ನಲ್ಲಿಗೆ ಬಂದಿದ್ದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) 64 ವರ್ಷದ ಆ ಹಿರಿಯ ಕೃಷಿಕರು ತಾಳಮದ್ದಳೆಯ, ಅಂದರೆ ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನದ, ಹವ್ಯಾಸಿ ಅರ್ಥಧಾರಿ; ಹಾಡಿದ ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವವರು. ಐದು ತಿಂಗಳ ಹಿಂದೆ ಮೆದುಳಿನ ಎಡಭಾಗದಲ್ಲಿ ರಕ್ತಸಂಚಾರ ನಿಂತು, ಬಲಗೈ ಸೋತು, ಮಾತು ಹೋಗಿತ್ತು. ಹೇಳಿದ್ದು ತಿಳಿಯುತ್ತಿತ್ತು, ಉತ್ತರ ಹೊರಡುತ್ತಿರಲಿಲ್ಲ. ಅಂಥವರು ಒಂದು ಸಂಜೆ ನೆರೆಮನೆಯ ಮದ್ದಳೆಯ ಸದ್ದಿಗೆ ಪದ್ಯವೊಂದನ್ನು ಮೊದಲಿನಿಂದ ಕೊನೆಯವರೆಗೆ ಹಾಡಿಬಿಟ್ಟರು.

"ಪದ್ಯಕ್ಕೆ ಬಾಯಿ ಬರುತ್ತದೆ, ಒಂದು ಲೋಟ ನೀರು ಕೇಳುವುದಕ್ಕೆ ಬರುವುದಿಲ್ಲ. ನಮ್ಮೊಡನೆ ಮಾತಾಡುವ ಮನಸ್ಸೇ ಇಲ್ಲ ಇವರಿಗೆ" ಎನ್ನುವಾಗ ಆ ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು.

ಇದು ಹಠವಲ್ಲ ಎಂಬುದನ್ನೇ ನಾನು ಮೊದಲು ಹೇಳಬೇಕಿತ್ತು. ಹೊಸ ವಾಕ್ಯ ಕಟ್ಟುವ ಕೆಲಸ ಬಹುತೇಕರಲ್ಲಿ ಮೆದುಳಿನ ಎಡಭಾಗದ್ದು. ವರ್ಷಗಟ್ಟಲೆ ಹಾಡಿ ಬಾಯಿಪಾಠವಾದ ಪದ್ಯಕ್ಕೆ, ಅದರ ರಾಗತಾಳಗಳಿಗೆ, ಬಲಭಾಗದ ಆಸರೆಯೂ ಇರುವುದರಿಂದ ಅದು ಉಳಿದುಕೊಳ್ಳಬಲ್ಲದು. 1973ರಲ್ಲಿ ಬೋಸ್ಟನ್ನಿನ ಸಂಶೋಧಕರಾದ ಆಲ್ಬರ್ಟ್, ಸ್ಪಾರ್ಕ್ಸ್ ಮತ್ತು ಹೆಲ್ಮ್ ಈ ಉಳಿಕೆಯನ್ನೇ ಹಿಡಿದು ಮಾತು ಕಲಿಸುವ ಕ್ರಮವೊಂದನ್ನು ಪ್ರಕಟಿಸಿದರು. ಅದರಲ್ಲಿ ನೆರವಾಗುವುದು ರಾಗಕ್ಕಿಂತ ಹೆಚ್ಚಾಗಿ ಲಯವೇ ಎಂಬ ವಾದವೂ ಇದೆ. ತಾಳದಲ್ಲಿ ಬೆಳೆದ ಈ ಮನೆಗೆ ಎರಡೂ ಹೊಸತಲ್ಲ.

ಆದರೆ ಪದ್ಯ ಹಾಡಿಸುತ್ತ ಹೋದರೆ ಪದ್ಯವಷ್ಟೇ ಬರುತ್ತದೆ, ಮಾತು ಬರುವುದಿಲ್ಲ. ಆದ್ದರಿಂದ ವಾಕ್ ಚಿಕಿತ್ಸಕರನ್ನು ಕಂಡು, ಅವರು ತೋರಿಸಿದಂತೆ ದಿನಬಳಕೆಯ ಪುಟ್ಟ ಮಾತುಗಳನ್ನೇ ಏರು, ಇಳಿ ಎಂಬ ಎರಡೇ ಸ್ವರಗಳಲ್ಲಿ ನಿಧಾನವಾಗಿ ಹೇಳಿಸಲು ತಿಳಿಸಿದೆ. ಹಿರಿಯರ ಎಡಗೈಯನ್ನು ಹಿಡಿದು ಅಕ್ಷರಕ್ಕೊಂದರಂತೆ ಮೇಜಿನ ಮೇಲೆ ತಟ್ಟಿಸಬೇಕು: ನೀ-ರು-ಬೇ-ಕು, ನಾಲ್ಕು ತಟ್ಟು. ಮೊದಲು ಜೊತೆಗೂಡಿ ಹೇಳಿ, ಅರ್ಧದಲ್ಲಿ ನೀವು ಸುಮ್ಮನಾಗಿ, ಬಳಿಕ ರಾಗವನ್ನೇ ಕಡಿಮೆ ಮಾಡಬೇಕು.

ಬಂದ ನೆಂಟರೆದುರು "ಪದ್ಯ ಹೇಳಿ" ಎಂದು ಒತ್ತಾಯಿಸಬೇಡಿ ಎಂದು ಮಗನಿಗೆ ಗಟ್ಟಿಯಾಗಿಯೇ ಹೇಳಿದೆ. ರಾತ್ರಿಯಿಡೀ ವಾದ ಮಂಡಿಸಿ ಸಭೆಯನ್ನು ಹಿಡಿದಿಟ್ಟ ಮನುಷ್ಯನಿಗೆ ಆ ಒತ್ತಾಯ ಎಷ್ಟು ಚುಚ್ಚುತ್ತದೆಂಬುದನ್ನು ನಾವು ಯೋಚಿಸಬೇಕು. ಊಟ ಬೇಡವೆನ್ನುವುದು, ನಿದ್ದೆಗೆಡುವುದು ಮುಂದುವರಿದರೆ ಖಿನ್ನತೆಯ ಬಗ್ಗೆ ವೈದ್ಯರಲ್ಲಿ ಕೇಳಲೂ ಸೂಚಿಸಿದೆ.

ಎರಡು ತಿಂಗಳ ಬಳಿಕ ಹಿರಿಯರೇ ಬಂದರು. ಎಡಗೈ ಬೆರಳನ್ನು ಮೇಜಿಗೆ ತಟ್ಟುತ್ತ, ಪತ್ನಿಯ ಮುಖ ನೋಡಿ, "ನೀರು ಬೇಕು" ಎಂದರು. ರಾಗ ಇನ್ನೂ ಬಿಟ್ಟಿರಲಿಲ್ಲ. ಅದನ್ನು ಬಿಡಿಸುವ ಅಭ್ಯಾಸ ನಡೆಯುತ್ತಿದೆ.